ಚಪ್ಪಾಳೆ ಸಾಕು, ದಾರಿ ಬಿಡಿ

ಹದಿನೆಂಟು ತುಂಬದ ಹುಡುಗಿಯ ಕೊರಳಿಗೆ ತಾಳಿ ಬೀಳುವುದು ಕದ್ದುಮುಚ್ಚಿ ಅಲ್ಲ. ಮುಹೂರ್ತ ಇಟ್ಟವರಿಗೆ ಅವಳ ವಯಸ್ಸು ಗೊತ್ತು. ಲಗ್ನಪತ್ರಿಕೆ ಅಚ್ಚು ಹಾಕಿದವರಿಗೆ ಗೊತ್ತು, ಪೆಂಡಾಲ್ ಹಾಕಿದವರಿಗೆ ಗೊತ್ತು, ಮುಯ್ಯಿ ಮಾಡಿ ಉಂಡು ಬಂದ ಪಂಚಾಯಿತಿ ಮೆಂಬರಿಗೂ ಗೊತ್ತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಅಂಥ ಮದುವೆಗೆ ಕುಮ್ಮಕ್ಕು ಕೊಟ್ಟವರೂ ಅದರಲ್ಲಿ ಪಾಲ್ಗೊಂಡವರೂ ಅಪರಾಧಿಗಳು. ಹಾಗಿದ್ದೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019–21ರಲ್ಲಿ ಕರ್ನಾಟಕದ ಬಗ್ಗೆ ಹೇಳಿದ್ದೇನು? 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಮಂದಿಗೆ ಹದಿನೆಂಟರ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳು! ಊರೆಲ್ಲ ಸೇರಿ ಮಾಡಿದ ಅಪರಾಧಕ್ಕೆ ಸಾಕ್ಷಿ ಹೇಳುವವರು ಯಾರು?

ಅವಳ ಪಕ್ಕದ ಬೆಂಚಿನ ಗೆಳತಿ. ಮದುವೆಯಾದವಳು ಮೂರು ದಿನ ಶಾಲೆಗೆ ಬಾರದಿದ್ದರೆ ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆಯುತ್ತಾರೆ. ಗೆಳತಿಗೆ ಕಾರಣ ಗೊತ್ತಿರುತ್ತದೆ. ಆದ್ದರಿಂದಲೇ ತಮ್ಮ ವಾರಿಗೆಯವರಿಗಾಗಿ ಹುಡುಗ ಹುಡುಗಿಯರು ಹಲಗೆ ಹಿಡಿದು ನಾಟಕ ಆಡಲು ಬೀದಿಗಿಳಿದಾಗ, ಅವರು ಈ ಸಮಾಜದ ಅತ್ಯಂತ ಗಂಭೀರ ಕೆಲಸ ಮಾಡುತ್ತಿದ್ದಾರೆ ಎಂದು ನಾನು ನಂಬುತ್ತೇನೆ.

ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ ಅಂಥ ಆಟ ನೋಡಿದೆ. ರಂಗವಿಲ್ಲ, ಮೈಕಿಲ್ಲ, ಹನುಮಪ್ಪನ ಗುಡಿಯ ಮುಂದೆ ಜನರೇ ಸುತ್ತುಗಟ್ಟಿ ನಿಂತ ಜಾಗ. ಕೆಂಪು ಟವೆಲೊಂದು ಅಪ್ಪನ ರುಮಾಲಾಯಿತು, ಅವ್ವನ ಸೆರಗಾಯಿತು, ಕೊನೆಗೆ ಮದುಮಗಳ ಮುಸುಕಾಯಿತು. ಹುಡುಗಿಯ ಲಗ್ನವಾಗಿ ಕಥೆ ಮುಗಿಯಿತು. ಆಗ ತಂಡದವರು ಹೇಳಿದರು: ‘ಇದನ್ನ ಮತ್ತೊಮ್ಮೆ ಆಡ್ತೀವಿ. ಎಲ್ಲಿ ತಪ್ಪು ಅನಸ್ತದ ಅಲ್ಲಿ ನಿಲ್ಸ್ರಿ, ನೀವ ಬಂದು ಆಡ್ರಿ.’ ಎರಡನೇ ಸಲ, ಎರಡು ಜಡೆಯ ಒಬ್ಬ ಹುಡುಗಿ ಗುಂಪು ಸೀಳಿಕೊಂಡು ಒಳಗೆ ಬಂದಳು. ಅಪ್ಪನ ಪಾತ್ರದವನು ಗದರಿದ: ‘ಕಾಲೇಜು ಅಷ್ಟು ದೂರ ಐತಿ, ಬಸ್ಸಿಲ್ಲ. ಕರಕೊಂಡು ಹೋಗಾವ್ರು ಯಾರು?’ ಅವಳು ತಲೆ ತಗ್ಗಿಸಲಿಲ್ಲ. ‘ಯಪ್ಪಾ, ಬಸ್ಸಿಲ್ಲಂತ ನನಗ್ಯಾಕ ಲಗ್ನ ಮಾಡ್ತಿ? ಬಸ್ ಬಿಡ್ರಿ ಅಂತ ಡಿಪೋಕ್ಕ ಹೋಗಿ ಕೇಳು!’

ಈ ಬಗೆಯ ಆಟಕ್ಕೆ ರೂಪ ಕೊಟ್ಟವರು ಬ್ರೆಜಿಲ್‌ನ ಅಗಸ್ಟೊ ಬೋಲ್. ಅಲ್ಲಿನ ಮಿಲಿಟರಿ ಸರ್ಕಾರ 1971ರಲ್ಲಿ ಅವರನ್ನು ಬಂಧಿಸಿ, ಹಿಂಸಿಸಿ, ದೇಶ ಬಿಡಿಸಿತು. ಪಶ್ಚಿಮ ಬಂಗಾಳದಲ್ಲಿ 1985ರಲ್ಲಿ ಹುಟ್ಟಿದ ‘ಜನ ಸಂಸ್ಕೃತಿ’ ತಂಡ ಅದೇ ದಾರಿಯಲ್ಲಿ ನಡೆದಿದೆ. ನೋಡುವವರು ಸುಮ್ಮನೆ ಕೂತಿರಬೇಕು ಎಂಬ ಕಟ್ಟನ್ನೇ ಮುರಿಯುವ ಆಟವಿದು. ಆಳುವವರು ಅದನ್ನು ಸಹಿಸುವುದಿಲ್ಲ.

ಸರ್ಕಾರಿ ಇಲಾಖೆಗಳೂ ಮಕ್ಕಳಿಂದ ಬೀದಿ ನಾಟಕ ಮಾಡಿಸುತ್ತವೆ. ‘ಬಾಲ್ಯವಿವಾಹ ಕೂಡದು, 1098ಕ್ಕೆ ಕರೆ ಮಾಡಿ’ ಎಂದು ಹೇಳಿಸಿ, ಬ್ಯಾನರ್ ಮುಂದೆ ಫೋಟೊ ತೆಗೆಸಿ ಕಳಿಸುತ್ತವೆ. ಮಕ್ಕಳ ಸಹಾಯವಾಣಿ 1098 ಬೇಕು, ಖಂಡಿತ ಬೇಕು. ಆದರೆ ಆ ನಾಟಕದಲ್ಲಿ ಬಸ್ಸಿನ ಮಾತಿಲ್ಲ. ಹೈಸ್ಕೂಲಿನ ಶೌಚಾಲಯದ ಮುರಿದ ಬಾಗಿಲಿಲ್ಲ, ಹಾಸ್ಟೆಲಿನಲ್ಲಿ ಸಿಗದ ಸೀಟಿಲ್ಲ, ವರದಕ್ಷಿಣೆಯಿಲ್ಲ, ಜಾತಿಯಿಲ್ಲ. ತಪ್ಪೆಲ್ಲ ಬಡ ಅಪ್ಪ ಅವ್ವಂದಿರ ಅಜ್ಞಾನದ್ದು! ಇದು ಸುಳ್ಳು, ಮಕ್ಕಳ ಬಾಯಿಂದ ಹೇಳಿಸಿದ ಸುಳ್ಳು.

ಮಕ್ಕಳು ತಮ್ಮ ಭಯವನ್ನು ತಾವೇ ಆಡಿ ತೋರಿಸಿದರೆ ಏನಾಗುತ್ತದೆ ಎಂಬುದಕ್ಕೆ ಬೀದರ್ ಸಾಕ್ಷಿ. 2020ರ ಜನವರಿಯಲ್ಲಿ ಅಲ್ಲಿನ ಒಂದು ಶಾಲೆಯ ಚಿಕ್ಕ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ನಾಟಕ ಆಡಿದರು. ಬಿದ್ದದ್ದು ದೇಶದ್ರೋಹದ ಕೇಸು. ಮುಖ್ಯ ಶಿಕ್ಷಕಿಯೂ ಒಂದು ಮಗುವಿನ ತಾಯಿಯೂ ಜೈಲಿಗೆ ಹೋದರು. ಪೊಲೀಸರು ಶಾಲೆಗೇ ಬಂದು ಮಕ್ಕಳನ್ನು ಮತ್ತೆ ಮತ್ತೆ ಪ್ರಶ್ನಿಸಿದರು. ಹೈಕೋರ್ಟು ಆ ಕೇಸನ್ನು ರದ್ದು ಮಾಡಿದ್ದು 2023ರ ಜೂನ್‌ನಲ್ಲಿ. ಪೊಲೀಸರ ಮುಂದೆ ಕೂತು ಉತ್ತರ ಹೇಳಿದ ಮಗುವಿನ ಎದೆಯೊಳಗಿನ ನಡುಕವನ್ನು ಯಾವ ಕೋರ್ಟು ರದ್ದು ಮಾಡುತ್ತದೆ?

ನಾಟಕ ಆಡುವ ಈ ಮಕ್ಕಳು ಅನಾಥರಲ್ಲ, ಅವರ ಹಿಂದೆ ದೊಡ್ಡ ಪರಂಪರೆಯಿದೆ. 1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗತಂಡ ಬಿಹಾರದ ಬೆಲ್ಚಿಯಲ್ಲಿ ಸುಟ್ಟುಹೋದ ದಲಿತರ ಕಥೆಯನ್ನು ಕರ್ನಾಟಕದ ಬೀದಿಗಳಿಗೆ ತಂದಿತು. 1989ರ ಜನವರಿ 1ರಂದು ದೆಹಲಿ ಬಳಿಯ ಸಾಹಿಬಾಬಾದ್‌ನಲ್ಲಿ ‘ಹಲ್ಲಾ ಬೋಲ್’ ಬೀದಿ ನಾಟಕ ಆಡುತ್ತಿದ್ದ ರಂಗಕರ್ಮಿ ಸಫ್ದರ್ ಹಾಶ್ಮಿಯ ಮೇಲೆ ಗೂಂಡಾಗಳು ಬಿದ್ದರು. ಮರುದಿನ ಅವರು ತೀರಿಕೊಂಡರು. ಆಗ ಅವರಿಗಿನ್ನೂ 34. ಜನವರಿ 4ರಂದು ಹೆಂಡತಿ ಮೊಲೊಯಶ್ರೀ ತಂಡ ಕಟ್ಟಿಕೊಂಡು ಅದೇ ಜಾಗಕ್ಕೆ ಹೋಗಿ, ಅರ್ಧಕ್ಕೆ ನಿಂತ ನಾಟಕವನ್ನು ಆಡಿ ಮುಗಿಸಿದರು.

ಆದ್ದರಿಂದ ದೊಡ್ಡವರೇ, ವೇದಿಕೆ ಹತ್ತಿ ‘ನಮ್ಮ ಯುವಜನರು ಎಷ್ಟು ಪ್ರತಿಭಾವಂತರು’ ಎಂದು ಭಾಷಣ ಬಿಗಿಯಬೇಡಿ. ಸ್ಕ್ರಿಪ್ಟ್ ಅವರೇ ಬರೆಯಲಿ, ತಿದ್ದಲು ಹೋಗಬೇಡಿ. ಸಂತೆಯಲ್ಲಿ ಆಡಲು ಅನುಮತಿ ಪತ್ರಕ್ಕಾಗಿ ಅಲೆಸಬೇಡಿ. ಆಡಿದ ಹುಡುಗಿಗೆ ಮನೆಯಲ್ಲಿ ಏಟು ಬಿದ್ದರೆ ಅವಳ ಪರ ನಿಲ್ಲಿ. ಬಸ್ಸು ಕೇಳಿದರೆ ಬಸ್ಸು ಬಿಡಿ, ಹಾಸ್ಟೆಲ್ ಕೇಳಿದರೆ ಸೀಟು ಕೊಡಿ. ನಾಟಕದಲ್ಲಿ ಅವರು ನಿಮ್ಮ ಹೆಸರನ್ನೇ ಹೇಳಿದರೆ ಎದ್ದು ಹೋಗದೆ ಉತ್ತರ ಕೊಡಿ. ಇಷ್ಟೂ ಆಗದಿದ್ದರೆ ನಿಮ್ಮ ಚಪ್ಪಾಳೆ ಅವರಿಗೆ ಬೇಡ.