ಓದುವ ಸೈನಿಕನಿಗೆ ತೆರಿಗೆ ವಿನಾಯಿತಿಯಿಂದೇನು?

ಅಗ್ನಿಪಥ ಯೋಜನೆಯಡಿ 2022ರ ಕೊನೆ ಹಾಗೂ 2023ರ ಆರಂಭದಲ್ಲಿ ತರಬೇತಿಗೆ ಸೇರಿದ ಮೊದಲ ತಂಡಗಳ ನಾಲ್ಕು ವರ್ಷದ ಅವಧಿ 2026ರ ಕೊನೆ ಹಾಗೂ 2027ರ ಆರಂಭಕ್ಕೆ ತುಂಬುತ್ತದೆ. 2022ರಲ್ಲಿ ಪ್ರಕಟವಾದ ನಿಯಮದಂತೆ ಇವರಲ್ಲಿ ಗರಿಷ್ಠ ಶೇ 25ರಷ್ಟು ಮಂದಿ ಸೇನೆಯಲ್ಲಿ ಕಾಯಂ ಆಗುತ್ತಾರೆ. ಉಳಿದವರು ಇನ್ನೂ ಇಪ್ಪತ್ತರ ಹರೆಯದಲ್ಲಿರುವಾಗಲೇ ಊರಿಗೆ ಮರಳುತ್ತಾರೆ. ಹಾಗೆ ಮರಳುವವರಲ್ಲಿ ಪದವಿ ಓದಬಯಸುವವನ ಕಾಲೇಜು ಖರ್ಚಿಗೆ ನಮ್ಮ ತೆರಿಗೆ ಕಾನೂನು ಯಾವ ನೆರವು ನೀಡುತ್ತದೆ ಎಂಬ ಪ್ರಶ್ನೆ ಈಗಲೇ ಚರ್ಚೆಯಾಗಬೇಕು.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದಲ್ಲಿ ಈ ಪ್ರಶ್ನೆಗೆ ಹೆಚ್ಚು ತೂಕವಿದೆ. ತೊಗರಿ ಬೆಳೆ, ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ ಇವೇ ಇಲ್ಲಿನ ಜೀವನಾಧಾರ. ಮಳೆ ಕೈಕೊಟ್ಟರೆ ತೊಗರಿ ಕೈಕೊಡುತ್ತದೆ. ಕಾರ್ಖಾನೆಯ ಗೇಟಿನೊಳಗೆ ಕಾಯಂ ಕೆಲಸ ಸಿಗುವುದು ಕೆಲವರಿಗಷ್ಟೇ. ಇಂಥ ಮನೆಗಳಲ್ಲಿ ಸೇನೆಯ ನೌಕರಿಯೆಂದರೆ ಮರ್ಯಾದೆಯೂ ಹೌದು, ತಿಂಗಳ ವರಮಾನವೂ ಹೌದು. ಪಿಯುಸಿ ಮುಗಿಸಿ ಸೇನೆಗೆ ಹೋದವನಿಗೆ ಪದವಿಯ ಆಸೆ ಉಳಿದೇ ಇರುತ್ತದೆ.

ಕಾನೂನು ಏನು ಹೇಳುತ್ತದೆ ನೋಡೋಣ. 1961ರ ಆದಾಯ ತೆರಿಗೆ ಕಾಯಿದೆಯ 80-ಸಿ ಸೆಕ್ಷನ್ನಿನಡಿ ಬೋಧನಾ ಶುಲ್ಕಕ್ಕೆ ಕಡಿತ ದೊರೆಯುತ್ತಿದ್ದುದು ತೆರಿಗೆದಾರನ ಇಬ್ಬರು ಮಕ್ಕಳ ಪೂರ್ಣಾವಧಿ ವ್ಯಾಸಂಗಕ್ಕೆ ಮಾತ್ರ. ಭವಿಷ್ಯ ನಿಧಿ, ಜೀವವಿಮೆ ಎಲ್ಲವೂ ಸೇರಿ ಅದರ ಮಿತಿ 1.5 ಲಕ್ಷ ರೂಪಾಯಿ. ತಾನೇ ಓದುವವನ ಶುಲ್ಕಕ್ಕೆ ಅಲ್ಲಿ ಜಾಗವಿರಲಿಲ್ಲ. ದೂರಶಿಕ್ಷಣವಂತೂ ಪೂರ್ಣಾವಧಿಯ ವ್ಯಾಖ್ಯೆಯಿಂದಲೇ ಹೊರಗೆ. 80-ಇ ಸೆಕ್ಷನ್ ಸ್ವಲ್ಪ ಉದಾರಿ: ತನ್ನ, ಪತ್ನಿಯ ಅಥವಾ ಮಕ್ಕಳ ಉನ್ನತ ಶಿಕ್ಷಣಕ್ಕೆ ಪಡೆದ ಸಾಲದ ಬಡ್ಡಿಯನ್ನು ಎಂಟು ವರ್ಷದವರೆಗೆ ಆದಾಯದಿಂದ ಕಳೆಯಲು ಅದು ಅವಕಾಶ ಕೊಟ್ಟಿತ್ತು. ಆದರೆ ಸಾಲ ಮಾಡಿದವನಿಗಷ್ಟೇ ಅದು ಅನ್ವಯ. 2026ರ ಏಪ್ರಿಲ್ 1ನ್ನು ಜಾರಿಯ ದಿನವೆಂದು ಗೊತ್ತುಪಡಿಸಿದ 2025ರ ಹೊಸ ಕಾಯಿದೆಯಲ್ಲಿ ಸೆಕ್ಷನ್ನುಗಳ ಸಂಖ್ಯೆ ಬದಲಾಗಿದೆ, ತತ್ವ ಬದಲಾಗಿಲ್ಲ.

ಇಷ್ಟಾದರೂ ಈ ಸೌಲಭ್ಯಗಳು ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ಹಳೆಯದು ಬೇಕೆನ್ನುವವನು ಗಡುವಿನೊಳಗೆ ರಿಟರ್ನ್ ಸಲ್ಲಿಸಿ ಅದನ್ನು ಆರಿಸಿಕೊಳ್ಳಬೇಕು. ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ಸಾಮಾನ್ಯ ಸಿಪಾಯಿಯ ಸಂಬಳ ಆ ಮಿತಿಗಿಂತ ಬಹಳ ಕೆಳಗಿದೆ. ತೆರಿಗೆಯೇ ಇಲ್ಲದವನಿಗೆ ತೆರಿಗೆ ಕಡಿತ ಕೊಟ್ಟರೆಷ್ಟು, ಬಿಟ್ಟರೆಷ್ಟು?

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ದೋಷ ಹಳೆಯ ಪದ್ಧತಿಯಲ್ಲೂ ಕಾಣುತ್ತದೆ. 20,000 ರೂಪಾಯಿ ಶುಲ್ಕದ ಕಡಿತದಿಂದ ಶೇ 30ರ ಹಂತದವನಿಗೆ, ಸೆಸ್ ಬಿಟ್ಟು, 6,000 ರೂಪಾಯಿ ಉಳಿಯುತ್ತದೆ. ಶೇ 5ರ ಹಂತದವನಿಗೆ ಉಳಿಯುವುದು ಹೆಚ್ಚೆಂದರೆ 1,000. ತೆರಿಗೆ ವ್ಯಾಪ್ತಿಗೇ ಬಾರದವನಿಗೆ ಸೊನ್ನೆ. ಉಳ್ಳವನಿಗೆ ಹೆಚ್ಚು, ಇಲ್ಲದವನಿಗೆ ಏನೂ ಇಲ್ಲ ಎಂಬ ಈ ಲೆಕ್ಕವನ್ನು ಶಿಕ್ಷಣದ ಪ್ರೋತ್ಸಾಹ ಎನ್ನಲಾಗದು.

ಅಮೆರಿಕದ ವ್ಯವಸ್ಥೆ ಇದಕ್ಕಿಂತ ಭಿನ್ನ. ಅಲ್ಲಿ ಕಾಲೇಜು ಖರ್ಚನ್ನು ಆದಾಯದಿಂದಲ್ಲ, ತೆರಿಗೆಯಿಂದಲೇ ಕಳೆಯುವ ಕ್ರಮವಿದೆ. ಪದವಿಯ ಮೊದಲ ನಾಲ್ಕು ವರ್ಷಗಳಿಗೆ ಅನ್ವಯಿಸುವ ಇಂಥ ಒಂದು ಯೋಜನೆಯಲ್ಲಿ ವರ್ಷಕ್ಕೆ 2,500 ಡಾಲರ್‌ವರೆಗೆ ರಿಯಾಯಿತಿಯುಂಟು. ಕಟ್ಟಬೇಕಾದ ತೆರಿಗೆ ಇಲ್ಲದಿದ್ದರೂ ಅರ್ಹರಿಗೆ ಅದರಲ್ಲಿ 1,000 ಡಾಲರ್‌ವರೆಗೆ ನಗದಾಗಿ ಬರುತ್ತದೆ. ಸೈನಿಕರಿಗೆ ಸರ್ಕಾರ ಕೊಡುವ ಶಿಕ್ಷಣ ನೆರವಿಗೆ ತೆರಿಗೆಯಿಲ್ಲ; ಆದರೆ ಆ ನೆರವಿನಿಂದ ಭರಿಸಿದ ಶುಲ್ಕಕ್ಕೆ ಮತ್ತೆ ರಿಯಾಯಿತಿ ಕೇಳುವಂತಿಲ್ಲ. ಒಂದೇ ಖರ್ಚಿಗೆ ಎರಡು ಲಾಭ ಬೇಡ ಎಂಬ ನ್ಯಾಯ ಅದು.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಮೂಲಕ ಅಗ್ನಿವೀರರಿಗಾಗಿ ರೂಪಿಸಿದ ಪದವಿಯನ್ನು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಪ್ರಕಟಿಸಿತು. ಅದರಲ್ಲಿ ಅರ್ಧದಷ್ಟು ಅಂಕಭಾರ ಸೇನಾ ತರಬೇತಿಗೇ ಸಲ್ಲುತ್ತದೆ. ಸೇವೆ ಮುಗಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ ಕೈಸೇರುತ್ತದೆ, ಅದಕ್ಕೆ ತೆರಿಗೆ ಇಲ್ಲ. ಇವೆರಡೂ ಸ್ವಾಗತಾರ್ಹ.

ಓದಿಗೆ ಆ ಹಣ ಸಾಲದೇ ಎಂದು ಕೇಳುವವರಿದ್ದಾರೆ. ಬಡ್ಡಿ ಹೊರತಾದ 10.04 ಲಕ್ಷದಲ್ಲಿ 5.02 ಲಕ್ಷ ಆ ಯುವಕನ ಸಂಬಳದಿಂದ ತಿಂಗಳು ತಿಂಗಳು ಮುರಿದುಕೊಂಡದ್ದು. ಪಿಂಚಣಿ, ಗ್ರಾಚ್ಯುಟಿ ಇಲ್ಲದ ಸೇವೆಗೆ ಬದಲಾಗಿ ಬಂದ ಇಡುಗಂಟು ಅದು. ತಂಗಿಯ ಮದುವೆ, ಅಪ್ಪನ ಸಾಲ, ಸೋರುವ ಮನೆ ಇವೆಲ್ಲವೂ ಅದರ ಮೇಲೆಯೇ ಕಣ್ಣಿಟ್ಟಿರುತ್ತವೆ.

ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಯೋಜನೆಯೂ ಇವನ ನೆರವಿಗೆ ಬಾರದು. ಮಾಜಿ ಸೈನಿಕರ ಮಕ್ಕಳು ಹಾಗೂ ಗಂಡನನ್ನು ಕಳೆದುಕೊಂಡ ಸೈನಿಕ ಕುಟುಂಬದ ಪತ್ನಿಯರ ವೃತ್ತಿಶಿಕ್ಷಣಕ್ಕೆ ಮೀಸಲಾದ ಯೋಜನೆ ಅದು. ನಾಲ್ಕು ವರ್ಷ ದುಡಿದು ಬಂದ ಅಗ್ನಿವೀರನಿಗೆ ಮಾಜಿ ಸೈನಿಕನೆಂಬ ಸ್ಥಾನವನ್ನೇ ನಿಯಮ ಕೊಟ್ಟಿಲ್ಲ.

ಹಾಗಾದರೆ ಹಳೆಯ ಕಡಿತಗಳನ್ನು ಹೊಸ ಪದ್ಧತಿಗೂ ತರಬೇಕೇ? ಬೇಡವೆಂಬುದು ನನ್ನ ಅಭಿಪ್ರಾಯ. ವಿನಾಯಿತಿಗಳ ಸಿಕ್ಕು ಬಿಡಿಸಿದ್ದು ಸರಿಯಾದ ಕ್ರಮವೇ. ಆದರೆ ಬಾಗಿಲು ಮುಚ್ಚಿದ ಸರ್ಕಾರ ಕಿಟಕಿಯನ್ನಾದರೂ ತೆರೆಯಬೇಕು. ಸೇವೆ ಮುಗಿಸಿ ಬಂದವನು ಮಾನ್ಯತೆ ಪಡೆದ ಯಾವುದೇ ಪದವಿಗೆ ಸೇರಿದರೂ, ಅದು ದೂರಶಿಕ್ಷಣವೇ ಆಗಿರಲಿ, ಶುಲ್ಕವನ್ನು ಸರ್ಕಾರವೇ ನೇರವಾಗಿ ಸಂಸ್ಥೆಗೆ ಪಾವತಿಸಲಿ. ದೇಶದ ಮಟ್ಟದಲ್ಲಿ ಇದು ತಡವಾಗುವುದಾದರೆ ಆರಂಭ ನಮ್ಮಲ್ಲೇ ಆಗಲಿ. ಸಂವಿಧಾನದ 371-ಜೆ ವಿಧಿ ಬಂದದ್ದೇ ಈ ಭಾಗದ ಹಿಂದುಳಿದಿರುವಿಕೆ ನೀಗಲೆಂದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ರಸ್ತೆ, ಕಟ್ಟಡಗಳ ಜೊತೆಗೆ ಇದಕ್ಕೂ ಸ್ವಲ್ಪ ಸಲ್ಲಬಾರದೇಕೆ? ಈಗಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯೇ ಅರ್ಜಿ ಪರಿಶೀಲಿಸಬಹುದು. ಹೊಸ ಕಚೇರಿ ಬೇಕಿಲ್ಲ.

ಅಲ್ಲಿಯವರೆಗೆ ಸೇವೆಯಲ್ಲಿರುವ ಸೈನಿಕರ ಮನೆಯವರು ಎರಡು ವಿಷಯ ಗಮನಿಸುವುದು ಒಳ್ಳೆಯದು. ಪ್ರತಿ ವರ್ಷ ಎರಡೂ ಪದ್ಧತಿಗಳಲ್ಲಿ ತೆರಿಗೆ ಲೆಕ್ಕ ಹಾಕಿ ನೋಡಿದ ಮೇಲೆಯೇ ಆಯ್ಕೆ ಮಾಡಬೇಕು. ಶಿಕ್ಷಣ ಸಾಲ ಪಡೆಯುವಾಗ, ಮುಂದೆ ಬಡ್ಡಿ ಕಟ್ಟುವವರ ಹೆಸರು ಸಾಲಪತ್ರದಲ್ಲಿ ಇರುವಂತೆ ನೋಡಿಕೊಳ್ಳಬೇಕು.

ಯುವಕರಿಂದ ನಾಲ್ಕು ವರ್ಷ ಪಡೆದ ದೇಶ, ಅವರ ಪದವಿಯ ಮೂರು ವರ್ಷಕ್ಕೆ ಶುಲ್ಕ ಕಟ್ಟುವುದು ಉಪಕಾರವಲ್ಲ, ಬಾಕಿ ತೀರಿಸುವ ಕೆಲಸ.