ಉಚಿತ ವೈಫೈಗೆ ಸೇರಿದರೆ ಬ್ಯಾಂಕ್ ಖಾತೆ ಖಾಲಿಯಾಗುತ್ತದೆಯೇ?

‘ರೈಲ್ವೆ ನಿಲ್ದಾಣದ ಉಚಿತ ವೈಫೈ ಬಳಸಬೇಡಿ, ಕ್ಷಣದಲ್ಲಿ ಖಾತೆಯ ಹಣ ಮಾಯ! ಎಲ್ಲರಿಗೂ ಕಳುಹಿಸಿ.’ ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದು ನಿಜವೇ?

ಒಂದು ಕಾಲಕ್ಕೆ ಈ ಭಯಕ್ಕೆ ಆಧಾರವಿತ್ತು. 2010ರಲ್ಲಿ ಎರಿಕ್ ಬಟ್ಲರ್ ಎಂಬವರು ‘ಫೈರ್‌ಶೀಪ್’ ಎಂಬ ಪುಟ್ಟ ತಂತ್ರಾಂಶ ಬಿಡುಗಡೆ ಮಾಡಿದರು. ಅದನ್ನು ಫೈರ್‌ಫಾಕ್ಸ್ ಬ್ರೌಸರ್‌ಗೆ ಸೇರಿಸಿಕೊಂಡರೆ ಸಾಕು, ಅದೇ ಪಾಸ್‌ವರ್ಡ್ ಇಲ್ಲದ ವೈಫೈನಲ್ಲಿ ಇದ್ದವರ ಫೇಸ್‌ಬುಕ್, ಟ್ವಿಟರ್ ಖಾತೆಗಳ ಒಳಗೆ ಹೋಗಬಹುದಿತ್ತು. ಆಗ ಲಾಗಿನ್ ಆದ ನಂತರದ ಮಾಹಿತಿ ಪೋಸ್ಟ್ ಕಾರ್ಡಿನಂತೆ ತೆರೆದೇ ಸಾಗುತ್ತಿತ್ತು. ಈ ಲೋಪವನ್ನು ಎಲ್ಲರಿಗೂ ತೋರಿಸುವುದೇ ಬಟ್ಲರ್ ಉದ್ದೇಶವಾಗಿತ್ತು.

ಈಗ ಬ್ಯಾಂಕ್ ಸೇರಿದಂತೆ ಬಹುತೇಕ ತಾಣಗಳು ಎಚ್‌ಟಿಟಿಪಿಎಸ್ ಬಳಸುತ್ತವೆ. ಅಂದರೆ ಪತ್ರ ಅಂಟಿಸಿದ ಲಕೋಟೆಯಲ್ಲಿ ಹೋಗುತ್ತದೆ. ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ವೈಫೈ ನಡೆಸುವವರಿಗೆ ಸಾಮಾನ್ಯವಾಗಿ ಗೊತ್ತಾಗುತ್ತದೆ (ಖಾಸಗಿತನದ ದೃಷ್ಟಿಯಿಂದ ಇದೂ ಸಣ್ಣ ವಿಷಯವಲ್ಲ), ಆದರೆ ಒಳಗೆ ಟೈಪ್ ಮಾಡಿದ ಪಾಸ್‌ವರ್ಡ್ ಕಾಣುವುದಿಲ್ಲ. ಹಾಗಾಗಿ ವೈಫೈಗೆ ಸೇರಿದ ಮಾತ್ರಕ್ಕೆ ಹಣ ಹೋಗುತ್ತದೆ ಎಂಬುದು ಉತ್ಪ್ರೇಕ್ಷೆ.

ನಿಜವಾದ ಅಪಾಯ ಬೇರೆ ಕಡೆ ಇದೆ. ವೈಫೈಗೆ ಯಾರು ಬೇಕಾದರೂ ಯಾವ ಹೆಸರನ್ನಾದರೂ ಇಡಬಹುದು. ಪಕ್ಕದ ಬೆಂಚಿನಲ್ಲಿ ಕುಳಿತವರ ಬ್ಯಾಗಿನಲ್ಲಿರುವ ಪುಟ್ಟ ಸಾಧನವೂ ನಿಲ್ದಾಣದ ವೈಫೈ ಹೆಸರನ್ನೇ ತೋರಿಸಬಹುದು. 2024ರಲ್ಲಿ ಆಸ್ಟ್ರೇಲಿಯಾದಲ್ಲಿ ಒಬ್ಬ ವ್ಯಕ್ತಿ ವಿಮಾನ ನಿಲ್ದಾಣಗಳಲ್ಲಿ, ಹಾರುವ ವಿಮಾನದೊಳಗೂ ಇಂಥ ನಕಲಿ ವೈಫೈ ನಡೆಸಿದ ಆರೋಪದಲ್ಲಿ ಸಿಕ್ಕಿಬಿದ್ದ. ಅನುಮಾನ ಬಂದದ್ದು ವಿಮಾನದ ಸಿಬ್ಬಂದಿಗೆ. ಸೇರಿದವರಿಗೆ ಇಮೇಲ್ ಅಥವಾ ಸಾಮಾಜಿಕ ಜಾಲತಾಣದ ಖಾತೆಯಿಂದ ಲಾಗಿನ್ ಆಗುವಂತೆ ಕೇಳುವ ಪುಟ ತೆರೆದುಕೊಳ್ಳುತ್ತಿತ್ತು. ಇಲ್ಲಿ ಲಕೋಟೆ ಒಡೆಯುವ ಕೆಲಸವೇ ಇಲ್ಲ, ಜನರೇ ಪಾಸ್‌ವರ್ಡ್ ಬರೆದುಕೊಡುತ್ತಾರೆ.

ನಮ್ಮ ರೈಲ್ವೆ ನಿಲ್ದಾಣಗಳ ‘ರೈಲ್‌ವೈರ್’ ವೈಫೈ ಮೊಬೈಲ್ ಸಂಖ್ಯೆ ಕೇಳಿ ಒಟಿಪಿ ಕಳಿಸುತ್ತದೆ. ಅಷ್ಟು ಸಹಜ. ಜಿಮೇಲ್ ಪಾಸ್‌ವರ್ಡ್, ಯುಪಿಐ ಪಿನ್ ಕೇಳಿದರೆ ಅಥವಾ ಆ್ಯಪ್ ಹಾಕಿಕೊಳ್ಳಿ ಎಂದರೆ ಅಲ್ಲಿಂದ ಎದ್ದುಬನ್ನಿ. ಒಟಿಪಿ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ನಕಲಿ ಪುಟದಲ್ಲಿ ನೀವು ಸಂಖ್ಯೆ ಕೊಟ್ಟ ಕೂಡಲೇ ವಂಚಕರು ಅದೇ ಸಂಖ್ಯೆಯಿಂದ ತಮ್ಮ ಫೋನಿನಲ್ಲಿ ವಾಟ್ಸಾಪ್ ತೆರೆಯಲು ಯತ್ನಿಸಬಹುದು. ಆಗ ನಿಮಗೆ ಬರುವುದು ವಾಟ್ಸಾಪ್‌ನ ಕೋಡ್; ಅದನ್ನೇ ನೀವು ವೈಫೈ ಪುಟದಲ್ಲಿ ತುಂಬಿದರೆ ಖಾತೆ ಅವರ ಪಾಲು. ಆದ್ದರಿಂದ ಅಂಕಿಗಳನ್ನಷ್ಟೇ ನೋಡದೆ, ಆ ಎಸ್ಸೆಮ್ಮೆಸ್ ಯಾತಕ್ಕೆ ಬಂದಿದೆ ಎಂದು ಪೂರ್ತಿ ಓದಿ.

‘ಈ ಸಂಪರ್ಕ ಸುರಕ್ಷಿತವಲ್ಲ’ ಎಂದು ಬ್ರೌಸರ್ ಎಚ್ಚರಿಸಿದರೆ ಮುಂದುವರಿಯಬೇಡಿ. ಹಣ ಕಳಿಸುವುದಿದ್ದರೆ ಮೊಬೈಲ್ ಡೇಟಾ ಸಾಕು. ಊರು ತಲುಪಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಆ ವೈಫೈ ಹೆಸರನ್ನು ಅಳಿಸಿಬಿಡಿ. ಇಲ್ಲವಾದರೆ ಅದೇ ಹೆಸರಿನ ನಕಲಿ ವೈಫೈ ಸಿಕ್ಕಾಗ ಫೋನ್ ನಿಮ್ಮನ್ನು ಕೇಳದೆಯೇ ಸೇರಿಕೊಳ್ಳಬಹುದು.