ಹಬ್ಬದ ರಾತ್ರಿಗೆ ಹುಣ್ಣಿಮೆ ಎಲ್ಲಿಂದ ಬಂತು?

ನಮ್ಮ ಕಥೆಗಾರರಿಗೆ ಬೆಳದಿಂಗಳೆಂದರೆ ಬಲು ಪ್ರೀತಿ. ಇರಲಿ. ಆದರೆ ಈದುಲ್ ಫಿತ್ರ್‌ನ ಹಿಂದಿನ ರಾತ್ರಿ ಮಸೀದಿಯ ಮಿನಾರದ ಮೇಲೆ ಹಾಲಿನಂಥ ಬೆಳದಿಂಗಳು ಸುರಿಸಿದರೆ ನಾವು ಸುಮ್ಮನಿರುವುದು ಹೇಗೆ? ಅಂದು ಕಾಣುವುದು ಪಡುವಣದಲ್ಲಿ ಕೂದಲೆಳೆಯಂಥ ಚಂದ್ರ. ಅವನೂ ಬೇಗನೆ ಮುಳುಗುತ್ತಾನೆ. ಉಳಿದ ಇರುಳೆಲ್ಲ ಕತ್ತಲೆ.

ಇದನ್ನು ಎತ್ತಿದರೆ ‘ಕಥೆಯೆಂದರೆ ಕಲ್ಪನೆ, ಪಂಚಾಂಗವಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಒಪ್ಪೋಣ. ಆದರೆ ನಿಜವಾದ ಊರನ್ನೂ ನಿಜವಾದ ದಿನಾಂಕವನ್ನೂ ಹೆಸರಿಸಿದ ಮೇಲೆ ಅದಕ್ಕೆ ಬದ್ಧರಾಗಬೇಡವೇ? 1947ರ ಆಗಸ್ಟ್ 15 ಶುಕ್ರವಾರ. ರಮಝಾನ್ ತಿಂಗಳ ಕೊನೆಯ ದಿನಗಳವು, 18ಕ್ಕೆ ಹಬ್ಬ. ಸ್ವಾತಂತ್ರ್ಯದ ಸಂಭ್ರಮಕ್ಕೆಂದು ಆ ದಿನ ಮಧ್ಯಾಹ್ನ ಮುಸ್ಲಿಂ ಮನೆಯವರಿಗೆಲ್ಲ ಬಿರಿಯಾನಿ ಉಣಿಸುವ ಲೇಖಕ, ಉಪವಾಸ ಹಿಡಿದವರ ಬಾಯಿಗೆ ಅನ್ನ ತುರುಕುತ್ತಿದ್ದಾನೆ. ನಡುರಾತ್ರಿ ಬಂದ ಸ್ವಾತಂತ್ರ್ಯ, ಅದರ ಬೆನ್ನಿಗೇ ಸಹರಿಗೆ ಎದ್ದ ಮನೆಗಳು, ಹಗಲಿಡೀ ಹಸಿದ ಹೊಟ್ಟೆಯ ಸಂತೋಷ! ಹಳೆಯ ಪತ್ರಿಕೆಯೊಂದನ್ನು ತಿರುವಿದ್ದರೆ ಎಂಥ ಕಥೆ ಕೈಗೆ ಸಿಗುತ್ತಿತ್ತು. ಕಥೆ ಕಲಬುರಗಿಯದಾದರೆ ಇನ್ನೂ ಜೋಕೆ. ನಿಜಾಮರ ಆ ಸೀಮೆ ಭಾರತದ ಕೈಸೇರಿದ್ದು 1948ರ ಸೆಪ್ಟೆಂಬರ್‌ನಲ್ಲಿ.

ಮುಸ್ಲಿಂ ಹೆಸರಿನ ಲೇಖಕರಿಗೂ ಇಲ್ಲಿ ರಿಯಾಯಿತಿ ಬೇಡ. ಬೆಂಗಳೂರಿನ ದಖನಿ ಮಾತನ್ನು ಮಂಗಳೂರಿನ ಬ್ಯಾರಿ ಅಜ್ಜಿಯ ಬಾಯಿಗೆ ಹಾಕಿದರೆ ಆಕೆಗೇ ಅರ್ಥವಾಗಲಿಕ್ಕಿಲ್ಲ. ಭಟ್ಕಳದ ನವಾಯತರ ಮಾತು ಮತ್ತೊಂದೇ. ಕರಾವಳಿಯಲ್ಲಿ ಹೆಚ್ಚಿನವರು ಶಾಫಿಗಳು, ಘಟ್ಟದ ಮೇಲೆ ಹನಫಿಗಳು. ಅಸರ್ ನಮಾಝಿನ ಹೊತ್ತಿನಲ್ಲೂ ವ್ಯತ್ಯಾಸವಿದೆ. ಇನ್ನು ಜನಾಝ ನಮಾಝಿನಲ್ಲಿ ಜನರನ್ನು ಸಾಷ್ಟಾಂಗ ಮಲಗಿಸುವವರಿಗೆ ಏನನ್ನೋಣ? ಅದು ನಿಂತೇ ಮುಗಿಸುವ ನಮಾಝು. ಅದರಲ್ಲಿ ರುಕೂ ಇಲ್ಲ, ಸುಜೂದ್ ಇಲ್ಲ.

ಇವೆಲ್ಲ ಸಣ್ಣ ತಪ್ಪುಗಳೆಂದು ನಕ್ಕುಬಿಡಬಹುದು. ತಲಾಕಿನ ಕಥೆಗೆ ಬಂದಾಗ ನಗು ಬರುವುದಿಲ್ಲ. ಒಂದೇ ಉಸಿರಿಗೆ ಮೂರು ಸಲ ತಲಾಕ್ ಹೇಳಿ ಹೆಂಡತಿಯನ್ನು ಹೊರದಬ್ಬುವ ಗಂಡಸರು ನಮ್ಮಲ್ಲಿ ಇಲ್ಲವೆಂದು ನಾವು ವಾದಿಸುತ್ತಿಲ್ಲ. ಅವರ ಬಗ್ಗೆ ಬರೆಯಲೇಬೇಕು. ಸಾರಾ ಅಬೂಬಕ್ಕರ್ ಬರೆದರು, ಬಾನು ಮುಷ್ತಾಕ್ ಬರೆದರು. ಆ ಮನೆಗಳ ಒಳಹೊರಗು ಬಲ್ಲವರ ಸಿಟ್ಟು ಅದು. ಆದರೆ 2017ರಲ್ಲಿ ಸುಪ್ರೀಂ ಕೋರ್ಟ್ ಇಂಥ ತಲಾಕನ್ನು ಅಸಿಂಧುವೆಂದಿತು, 2019ರ ಕಾಯ್ದೆ ಅದನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ಇಂದಿನ ಕಾಲದ್ದೆಂದು ಹೇಳಿಕೊಳ್ಳುವ ಕಥೆಯಲ್ಲಿ ಜಮಾಅತ್, ವಕೀಲ, ಠಾಣೆ ಯಾವುದೂ ಇಲ್ಲದೆ ಹೆಣ್ಣು ಅಳುತ್ತಾ ಹೊರನಡೆದರೆ ಮದುವೆ ಮುಗಿದೇಹೋಯಿತು! ಕೆಲವರು ಇದ್ದತ್ತಿನ ಲೆಕ್ಕವನ್ನೂ ಕಲಸಿ, ವಿಧವೆಯ ನಾಲ್ಕು ತಿಂಗಳು ಹತ್ತು ದಿನವನ್ನು ತಲಾಕ್ ಪಡೆದವಳ ತಲೆಗೆ ಕಟ್ಟುತ್ತಾರೆ.

ಇದರಿಂದ ಲಾಭ ಯಾರಿಗೆ? ಆ ಗಂಡಸಿಗೇ. ‘ಬರೆದವನಿಗೆ ದೀನೂ ಗೊತ್ತಿಲ್ಲ, ಕಾನೂನೂ ಗೊತ್ತಿಲ್ಲ’ ಎಂದು ಅವನು ಪುಸ್ತಕವನ್ನು ಪಕ್ಕಕ್ಕೆಸೆಯುತ್ತಾನೆ. ಅವನ ಆ ಮಾತಿಗೆ ನಮ್ಮ ಬಳಿಯೂ ಉತ್ತರವಿರುವುದಿಲ್ಲ.